ಹೊಸ ಟ್ರ್ಯಾಕ್ಟರಿನ ಫಿಲ್ಟರ್ ಕೀಳಿಸಬೇಡಿ, ಹಳೆಯದಕ್ಕೆ ಕೂರಿಸಲೂ ಬೇಡಿ

ಪ್ರಶ್ನೆ: ನಮ್ಮದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ 2012ರ 45 ಅಶ್ವಶಕ್ತಿಯ ಟ್ರ್ಯಾಕ್ಟರ್ ಇದೆ. ಕಬ್ಬು ಸಾಗಿಸಲು, ರೋಟವೇಟರ್ ಹೊಡೆಯಲು ಕಳೆದ ವರ್ಷ 55 ಅಶ್ವಶಕ್ತಿಯ ಹೊಸದನ್ನು ಕೊಂಡೆವು. ಅದರಲ್ಲಿ ಡಿಪಿಎಫ್ ಎಂಬ ಹೊಗೆಯ ಫಿಲ್ಟರ್ ಇದೆಯಂತೆ. ಹಳದಿ ದೀಪ ಮೇಲಿಂದ ಮೇಲೆ ಹೊತ್ತಿಕೊಳ್ಳುತ್ತದೆ. ಕೈಪಿಡಿ ಮರಾಠಿ ಮತ್ತು ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಎಲ್ಲರೂ ಕನ್ನಡ ಶಾಲೆಯಲ್ಲಿ ಓದಿದವರು. ಮೆಕ್ಯಾನಿಕ್ ‘ಅದನ್ನು ಕಿತ್ತು ನೇರ ಪೈಪು ಬೆಸೆದರೆ ತಾಪತ್ರಯವೇ ಇಲ್ಲ, ಡೀಸೆಲ್ಲೂ ಉಳಿಯುತ್ತದೆ’ ಎನ್ನುತ್ತಾನೆ. ನಮ್ಮ ಒಂಬತ್ತು ವರ್ಷದ ಮಗನಿಗೆ ಉಬ್ಬಸವಿದೆ. ಹಳೆಯ ಟ್ರ್ಯಾಕ್ಟರಿಗೂ ಇಂಥ ಫಿಲ್ಟರ್ ಹಾಕಿಸಬಹುದೇ? ಮಾವನವರಂತೂ ‘ಮೂವತ್ತು ವರ್ಷ ಹೊಗೆ ಕುಡಿದಿದ್ದೇನೆ, ನನಗೇನಾಗಿದೆ’ ಎಂದು ನಗುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಹೊಸ ಟ್ರ್ಯಾಕ್ಟರಿನ ಫಿಲ್ಟರನ್ನು ಯಾವ ಕಾರಣಕ್ಕೂ ಕೀಳಿಸಬೇಡಿ. ಹಳೆಯದಕ್ಕೆ ಫಿಲ್ಟರ್ ಕೂರಿಸಲು ಒಂದು ರೂಪಾಯಿಯನ್ನೂ ಸುರಿಯಬೇಡಿ. ಎರಡು ಮಾತುಗಳೂ ಒಂದಕ್ಕೊಂದು ಎದುರು ನಿಂತಂತೆ ಕಂಡರೂ ಕಾರಣ ಒಂದೇ. ಆ ಡಬ್ಬಿ ಒಂಟಿಯಾಗಿ ಕೆಲಸ ಮಾಡುವ ವಸ್ತುವಲ್ಲ, ಇಡೀ ಎಂಜಿನ್ನನ್ನು ಅದಕ್ಕೆಂದೇ ರೂಪಿಸಿರಬೇಕು. ಹೊಸದನ್ನು ಹಾಗೆ ರೂಪಿಸಿದ್ದಾರೆ, ಹಳೆಯದನ್ನು ರೂಪಿಸಿಲ್ಲ.

ಮಾವನವರ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ವಾದ ಊರೂರಿನ ಕಟ್ಟೆಯ ಮೇಲೂ ಕೇಳಿಬರುತ್ತದೆ. ಮೂವತ್ತು ವರ್ಷ ಹೊಗೆ ಕುಡಿದು ಗಟ್ಟಿಮುಟ್ಟಾಗಿರುವವರು ಖಂಡಿತ ಇದ್ದಾರೆ. ಕಟ್ಟೆಗೆ ಬಂದು ಹಾಗೆ ಹೇಳಲು ಉಳಿದವರೂ ಅವರೇ. ಉಳಿಯದವರ ಮನೆಯಲ್ಲಿ ದಮ್ಮು ಎಂದೋ ಎದೆನೋವು ಎಂದೋ ಹೇಳಿ ಮುಗಿಸಿರುತ್ತಾರೆ, ಟ್ರ್ಯಾಕ್ಟರಿನ ಹೆಸರನ್ನು ಯಾರೂ ಎತ್ತಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿನಲ್ಲಿ ಇಟ್ಟಿತ್ತು. 2012ರ ಜೂನ್‌ನಲ್ಲಿ ಆ ‘ಬಹುಶಃ’ ಹೋಯಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಒಂದನೇ ಗುಂಪಿಗೆ, ತಂಬಾಕಿನ ಹೊಗೆ ಮತ್ತು ಕಲ್ನಾರಿನ ಸಾಲಿಗೆ, ಅದು ಸೇರಿತು. ಹಾಗೆಂದು ಟ್ರ್ಯಾಕ್ಟರ್ ಓಡಿಸುವುದೂ ಬೀಡಿ ಸೇದುವುದೂ ಸಮ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಕ್ಷ್ಯ ಎಷ್ಟು ಗಟ್ಟಿಯಾಗಿದೆ ಎಂಬುದನ್ನಷ್ಟೇ ಆ ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆ ತೀರ್ಮಾನಕ್ಕೆ ದೊಡ್ಡ ಆಧಾರವಾದದ್ದು ಅಮೆರಿಕದ ಎಂಟು ಗಣಿಗಳ 12 ಸಾವಿರಕ್ಕೂ ಹೆಚ್ಚು ಕಾರ್ಮಿಕರ ಅಧ್ಯಯನ. ಸುರಂಗದೊಳಗೆ ಡೀಸೆಲ್ ಯಂತ್ರಗಳ ನಡುವೆ ದುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಜತ್ತದ ಬಯಲು ಸುರಂಗವಲ್ಲ. ಅಲ್ಲಿ ಗಾಳಿ ಬೀಸಿದರೆ ಹೊಗೆ ಎರಡೇ ಕ್ಷಣದಲ್ಲಿ ಚದುರುತ್ತದೆ. ಆದ್ದರಿಂದ ತೆರೆದ ಹೊಲದಲ್ಲಿ ಉಳುವಾಗಿನ ಹೊಗೆಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಗಾಳಿಯಾಡದ ಜಾಗದಲ್ಲಿ ಟ್ರ್ಯಾಕ್ಟರ್ ನಿಂತು ಗುಡುಗುಡು ಎನ್ನುತ್ತಿರುತ್ತದಲ್ಲ, ಚಿಂತೆ ಇರುವುದು ಅಲ್ಲಿ.

ಹೃದಯದ ವಿಷಯದಲ್ಲಿ ವರ್ಷಗಟ್ಟಲೆ ಕಾಯಬೇಕಾಗಿಯೂ ಇಲ್ಲ. 2007ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಸ್ವೀಡನ್ನಿನ ಉಮೆಯೊ ನಗರಗಳ ಸಂಶೋಧಕರು, ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ ಇಪ್ಪತ್ತು ಗಂಡಸರನ್ನು ತೆಳುವಾಗಿಸಿದ ಡೀಸೆಲ್ ಹೊಗೆಯ ಕೋಣೆಯಲ್ಲಿ ಸೈಕಲ್ ತುಳಿಸಿದರು. ಶುದ್ಧ ಗಾಳಿಯಲ್ಲಿ ತುಳಿದ ದಿನಕ್ಕಿಂತ ಹೊಗೆಯ ದಿನ ಅವರ ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಗುರುತು ಎದ್ದು ಕಂಡಿತು. 2011ರ ಇನ್ನೊಂದು ಪ್ರಯೋಗದಲ್ಲಿ ಅದೇ ಬಳಗ ಎಂಜಿನ್ನಿಗೆ ಕಣಗಳನ್ನು ಹಿಡಿಯುವ ಫಿಲ್ಟರ್ ಕೂರಿಸಿ, ಆರೋಗ್ಯವಂತ ಗಂಡಸರಿಗೆ ಆ ಹೊಗೆ ಉಸಿರಾಡಿಸಿತು. ಫಿಲ್ಟರ್ ಇಲ್ಲದಾಗ ರಕ್ತನಾಳಗಳು ಸರಿಯಾಗಿ ಹಿಗ್ಗುತ್ತಿರಲಿಲ್ಲ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಿತ್ತು. ಫಿಲ್ಟರ್ ಇದ್ದಾಗ ಆ ಕೇಡು ತಪ್ಪಿತು. ನಿಮ್ಮ ಮೆಕ್ಯಾನಿಕ್ ಕಿತ್ತು ಎಸೆಯಲು ಹೊರಟಿರುವುದು ಇಂಥದ್ದೇ ಸಾಮಾನನ್ನು.

ಮಗನ ಉಬ್ಬಸಕ್ಕೆ ಸಂಬಂಧಿಸಿದ ಪ್ರಯೋಗವೂ ಅದೇ 2007ರದು. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಡೀಸೆಲ್ ಬಸ್ಸು, ಟ್ಯಾಕ್ಸಿಗಳ ಓಡಾಟವೇ ಹೆಚ್ಚು. ಉಬ್ಬಸವಿರುವ ಅರವತ್ತು ವಯಸ್ಕರು ಒಂದು ದಿನ ಅಲ್ಲಿ ಎರಡು ಗಂಟೆ ನಡೆದರು, ಇನ್ನೊಂದು ದಿನ ಹತ್ತಿರದ ಹೈಡ್ ಪಾರ್ಕಿನಲ್ಲಿ ಅಷ್ಟೇ ಹೊತ್ತು ನಡೆದರು. ರಸ್ತೆಯಲ್ಲಿ ನಡೆದ ದಿನ ಅವರ ಶ್ವಾಸಕೋಶದ ಸಾಮರ್ಥ್ಯ ಹೆಚ್ಚು ಕುಸಿಯಿತು. ಅವರು ದೊಡ್ಡವರು, ನಡೆದದ್ದು ಬಯಲು ರಸ್ತೆಯಲ್ಲಿ. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಅಪ್ಪನ ಜೊತೆ ಹೊಲಕ್ಕೆ ಹೋಗುವ ಹುಡುಗನ ಮೂಗಿಗೂ ಹೊಗೆಕೊಳವೆಗೂ ಎಷ್ಟು ಅಂತರವಿರುತ್ತದೆ ಎಂದು ನೀವೇ ನೋಡಿ. ಮಡ್‌ಗಾರ್ಡಿನ ಸವಾರಿ ಇವತ್ತಿನಿಂದಲೇ ಬಂದ್ ಆಗಲಿ. ಬಿದ್ದರೆ ಹಿಂದಿನ ಗಾಲಿಯ ಕೆಳಗೇ ಬೀಳುತ್ತಾನೆ ಎಂಬ ಕಾರಣಕ್ಕಾದರೂ ಅದು ಎಂದೋ ನಿಲ್ಲಬೇಕಿತ್ತು.

ಇನ್ನು ಫಿಲ್ಟರಿನ ಒಳಗೇನಿದೆ ಎಂಬುದು. ಡೀಸೆಲ್ಲಿನ ಮಸಿ ಅತಿ ಸಣ್ಣ ಇಂಗಾಲದ ಕಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಈ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗೂ ಕಡಿಮೆ. ಮೂಗಿನ ಕೂದಲು, ಗಂಟಲಿನ ಕಫ ಅವನ್ನು ತಡೆಯಲಾರವು. ಅವು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತವೆ, ಮೈಗೆ ಅಂಟಿಸಿಕೊಂಡ ಅರೆಬೆಂದ ಇಂಧನದ ವಿಷಗಳನ್ನೂ ಒಯ್ಯುತ್ತವೆ. ಫಿಲ್ಟರ್ ಎಂದರೆ ಸೆರಾಮಿಕ್ಕಿನ ಒಂದು ಉರುಳೆ. ಅದರ ತುಂಬ ಉದ್ದುದ್ದ ಸಣ್ಣ ಕೊಳವೆಗಳು. ಪ್ರತಿ ಕೊಳವೆಯ ಒಂದು ತುದಿ ತೆರೆದಿದೆ, ಇನ್ನೊಂದು ಮುಚ್ಚಿದೆ, ಪಕ್ಕದ ಕೊಳವೆಯಲ್ಲಿ ಇದೇ ತಿರುವುಮುರುವು. ಒಳಗೆ ಹೊಕ್ಕ ಹೊಗೆಗೆ ನೇರ ದಾರಿಯಿಲ್ಲದೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ಪಕ್ಕದ ಕೊಳವೆಗೆ ದಾಟಬೇಕು. ಅನಿಲ ದಾಟುತ್ತದೆ, ಮಸಿ ಗೋಡೆಗೆ ಅಂಟುತ್ತದೆ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದು ಮಸಿಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಹಿಡಿದಿಡುತ್ತದೆ.

ಕಾನೂನು ಕಾಗದದ ಮೇಲೆ ಹೇಳುವ ಅಂಕಿಯಲ್ಲೇ ವ್ಯತ್ಯಾಸ ಕಾಣುತ್ತದೆ. ಟ್ರ್ಯಾಕ್ಟರಿನ ಹೊಗೆಗೆ ಸರ್ಕಾರ ಹಾಕುವ ಮಿತಿಗಳಿಗೆ ಟ್ರೆಮ್ ಎನ್ನುತ್ತಾರೆ. ನಿಮ್ಮ 2012ರ ಟ್ರ್ಯಾಕ್ಟರ್ ಟ್ರೆಮ್-3ಎ ನಿಯಮದ ಕಾಲದ್ದು. ಅದರ ಶಕ್ತಿಯ ಎಂಜಿನ್ನು ಒಂದು ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ 0.6 ಗ್ರಾಂ ಕಣಗಳನ್ನು ಉಗುಳಬಹುದಿತ್ತು. 50 ಅಶ್ವಶಕ್ತಿಗೆ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಬಂದಿದೆ, ಅಲ್ಲಿ ಮಿತಿ 0.025 ಗ್ರಾಂ. ಇಪ್ಪತ್ತನಾಲ್ಕು ಪಟ್ಟು ಕಡಿಮೆ. ಈ ಮಿತಿಗೆ ಇಳಿಯಲು ಕಂಪನಿಗಳು ಕಂಪ್ಯೂಟರಿನ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಇಂಜೆಕ್ಷನ್ ತಂದವು, ಹಲವು ಮಾದರಿಗಳಲ್ಲಿ ಡಿಪಿಎಫ್ ಕೂಡ ತಂದವು.

ಹಿಡಿದಿಟ್ಟ ಮಸಿ ಎಲ್ಲಿಗೆ ಹೋಗುತ್ತದೆ? ಅಲ್ಲೇ ಉರಿದು ಹೋಗಬೇಕು. ನಿಮ್ಮ ಹಳದಿ ದೀಪದ ಕಥೆ ಇಷ್ಟೇ. ರೋಟವೇಟರ್ ಹಾಕಿ ಗಟ್ಟಿ ನೆಲ ಒಡೆಯುವಾಗ ಎಂಜಿನ್ ಚೆನ್ನಾಗಿ ದುಡಿಯುತ್ತದೆ, ಹೊಗೆಯ ಶಾಖ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುತ್ತದೆ. ಆಗ ಮಸಿ ತಾನಾಗಿ ನಿಧಾನಕ್ಕೆ ಕರಗುತ್ತಾ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಶಾಖ ಸಾಲದಿದ್ದರೆ ಎಂಜಿನ್ನಿನ ಕಂಪ್ಯೂಟರು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರಿನ ಮುಂದಿರುವ ಆಕ್ಸಿಡೇಶನ್ ಕ್ಯಾಟಲಿಸ್ಟಿನಲ್ಲಿ ಅದನ್ನು ಉರಿಸಿ, ಸುಮಾರು 600 ಡಿಗ್ರಿಗೆ ಏರಿಸಿ ಮಸಿಯನ್ನು ಸುಟ್ಟು ಹಾಕುತ್ತದೆ. ಇದಕ್ಕೆ ರಿಜನರೇಶನ್ ಎನ್ನುತ್ತಾರೆ. ಅಂದರೆ ಈ ಯಂತ್ರಕ್ಕೆ ಕಷ್ಟದ ಕೆಲಸ ಹಿತ, ಸೋಮಾರಿತನ ಅಹಿತ. ಎರಡು ಕ್ಯಾನ್ ಹಾಲು ಡೇರಿಗೆ ಒಯ್ಯಲು, ಒಂದು ಹೊರೆ ಮೇವು ತರಲು 55 ಅಶ್ವಶಕ್ತಿಯ ಟ್ರ್ಯಾಕ್ಟರ್ ಹೊರಡಿಸಿದರೆ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ನಂಬರ್ ಬರುವವರೆಗೆ ಗಂಟೆಗಟ್ಟಲೆ ಎಂಜಿನ್ ಬಿಟ್ಟು ನಿಂತರೆ, ಶಾಖ ಏರದೆ ಮಸಿ ತುಂಬುತ್ತದೆ. ನಿಮ್ಮ ದೀಪ ಕಬ್ಬಿನ ಹಂಗಾಮಿನಲ್ಲಿ ಹೆಚ್ಚಾಗಿ ಹೊತ್ತಿಕೊಳ್ಳುತ್ತಿದ್ದರೆ ನನಗೆ ಆಶ್ಚರ್ಯವಿಲ್ಲ.

ಆ ದೀಪದ ಚಿತ್ರ ಎಲ್ಲ ಭಾಷೆಗೂ ಒಂದೇ: ಸೈಲೆನ್ಸರಿನ ಆಕಾರದ ಪೆಟ್ಟಿಗೆ, ಒಳಗೆ ಚುಕ್ಕಿಗಳು. ಹೆಚ್ಚಿನ ಮಾದರಿಗಳಲ್ಲಿ ಅದು ಸುಮ್ಮನೆ ಹೊತ್ತಿದರೆ ಮಸಿ ತುಂಬಿದೆ, ಸುಡಲು ಅವಕಾಶ ಕೊಡಿ ಎಂದರ್ಥ. ಮಿನುಗತೊಡಗಿ ಎಂಜಿನ್ನಿನ ಬಲ ಕುಗ್ಗಿದರೆ ತಡವಾಗಿದೆ ಎಂದರ್ಥ. ಕೆಂಪು ದೀಪ ಬಂದರೆ ನಿಲ್ಲಿಸಿ ಕಂಪನಿಯ ಸರ್ವಿಸಿನವರನ್ನೇ ಕರೆಯಬೇಕು. ಮೊದಲ ಹಂತದಲ್ಲೇ ಟ್ರ್ಯಾಕ್ಟರನ್ನು ಬಯಲಿಗೆ ತಂದು, ಗೇರ್ ನ್ಯೂಟ್ರಲ್ಲಿಗೆ ಹಾಕಿ, ಪಿಟಿಒ (ರೋಟವೇಟರಿನಂಥವನ್ನು ತಿರುಗಿಸುವ ಹಿಂಬದಿಯ ದಂಡ) ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ರಿಜನರೇಶನ್ ಗುಂಡಿ ಒತ್ತಿ. ಎಂಜಿನ್ನಿನ ಸದ್ದು ತಾನಾಗಿ ಏರುತ್ತದೆ. ಅರ್ಧ ಗಂಟೆ ಆಸುಪಾಸು ಹಿಡಿಯಬಹುದು. ನಡುವೆ ಊಟಕ್ಕೆ ಹೊತ್ತಾಯಿತೆಂದು ಕೀ ತಿರುಗಿಸಬೇಡಿ. ಹಾಗೆ ಅರ್ಧಕ್ಕೆ ನಿಲ್ಲಿಸುವುದು ಅಭ್ಯಾಸವಾದರೆ, ಸುಡಲು ಚಿಮ್ಮಿಸಿದ ಡೀಸೆಲ್ ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಇಳಿಯುವ ಬದಲು ಏರಿದ್ದರೆ, ಬೆರಳಿಗೆ ನೀರು ನೀರಾಗಿ ಹತ್ತಿ ಡೀಸೆಲ್ ವಾಸನೆ ಬಂದರೆ, ಅದೇ ಆಗಿದೆ.

‘ಬಯಲಿಗೆ ತಂದು’ ಎಂದು ಬರೆದದ್ದನ್ನು ಇನ್ನೊಮ್ಮೆ ಹೇಳುತ್ತೇನೆ. 600 ಡಿಗ್ರಿಯ ಶಾಖವೆಂದರೆ ಒಣ ರವದಿಗೆ ಕಡ್ಡಿ ಗೀರಿದಂತೆಯೇ ಸರಿ. ಕಬ್ಬು ಕಡಿದ ಹೊಲದ ರವದಿಯ ಮೇಲೆ, ಜೋಳದ ಕಣಿಕೆಯ ಬಣವೆಯ ಪಕ್ಕ, ತೊಗರಿ ರಾಶಿಯ ಕಣದಲ್ಲಿ ಇದನ್ನು ಮಾಡಲೇಬಾರದು. ಕೊಳವೆಯ ಬಾಯಿಂದ ಜನ, ದನ ಎರಡೂ ದೂರವಿರಲಿ. ಹಲವು ಟ್ರ್ಯಾಕ್ಟರುಗಳಲ್ಲಿ ಸುಡುವುದನ್ನು ತಾತ್ಕಾಲಿಕವಾಗಿ ತಡೆಯುವ ಗುಂಡಿಯೂ ಇರುತ್ತದೆ. ಕಬ್ಬಿನ ಗದ್ದೆಯೊಳಗಿರುವಾಗ ಅದನ್ನು ಒತ್ತಿ, ಬರಿನೆಲಕ್ಕೆ ಬಂದ ಮೇಲೆ ಬಿಡಿ. ಬಿಡಲು ಮರೆಯುವ ಚಾಲಕರೇ ಜಾಸ್ತಿ; ಆಮೇಲೆ ಕೆಂಪು ದೀಪ, ಆಮೇಲೆ ಮೆಕ್ಯಾನಿಕ್, ಆಮೇಲೆ ವೆಲ್ಡಿಂಗ್.

ಕಿತ್ತು ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬ ಮಾತಿನಲ್ಲಿ ಚೂರು ಸತ್ಯವಿದೆ, ಸುಡುವುದಕ್ಕೆ ಖರ್ಚಾಗುವ ಡೀಸೆಲ್ ಉಳಿಯುತ್ತದೆ. ಆದರೆ ಫಿಲ್ಟರ್ ಕಿತ್ತರೆ ಅದರ ಹಿಂದುಮುಂದಿನ ಒತ್ತಡ ಅಳೆಯುವ ಸೆನ್ಸರ್ ಕಂಪ್ಯೂಟರಿಗೆ ದೂರು ಹೇಳುತ್ತದೆ. ಅದರ ಬಾಯಿ ಮುಚ್ಚಿಸಲು ಕಂಪ್ಯೂಟರಿನ ಪ್ರೋಗ್ರಾಮನ್ನೇ ಕಳ್ಳದಾರಿಯಲ್ಲಿ ಬದಲಿಸಬೇಕು. ಅಲ್ಲಿಗೆ ವಾರಂಟಿ ಹೋಯಿತು. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದೂ ತಪ್ಪು. ಇನ್ನೊಂದು ಮಾತು, ಇದು ಮೆಕ್ಯಾನಿಕ್‌ಗೇ ಸಂಬಂಧಿಸಿದ್ದು: ಫಿಲ್ಟರನ್ನು ಬಿಚ್ಚಿ ಕಂಪ್ರೆಸರ್ ಗಾಳಿಯಿಂದ ಊದಿ ‘ಸಾಫ್’ ಮಾಡುವವರಿದ್ದಾರೆ. ನೂರಾರು ಗಂಟೆ ಹಿಡಿದಿಟ್ಟ ಮಸಿ, ಬೂದಿ ಒಂದೇ ಸಲ ಅವರ ಮುಖಕ್ಕೆ ಹಾರುತ್ತದೆ. ಈ ಇಡೀ ವಿಷಯದಲ್ಲಿ ಅದಕ್ಕಿಂತ ಕೆಟ್ಟ ಉಸಿರು ಬೇರೊಂದಿಲ್ಲ.

ಬೂದಿ ಎಂದೆ. ಮಸಿ ಉರಿಯುತ್ತದೆ, ಬೂದಿ ಉರಿಯುವುದಿಲ್ಲ. ಅದು ಬರುವುದು ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತು, ರಂಜಕಗಳಿಂದ. ಅದಕ್ಕೇ ಇಂಥ ಎಂಜಿನ್ನುಗಳಿಗೆ ಬೂದಿ ಕಡಿಮೆಯಿರುವ ಆಯಿಲ್ ಬೇಕು. ಡಬ್ಬಿಯ ಮೇಲೆ ಸಿಕೆ-4 ಎಂಬ ಗುರುತು ಸಾಮಾನ್ಯವಾಗಿ ಇರುತ್ತದೆ, ನಿಮ್ಮ ಕೈಪಿಡಿಯಲ್ಲಿ ಯಾವುದೆಂದು ಅಕ್ಷರ ಹೋಲಿಸಿಯಾದರೂ ನೋಡಿಕೊಳ್ಳಿ. ಹಳೆಯ ಟ್ರ್ಯಾಕ್ಟರಿನ ಆಯಿಲ್ ಉಳಿದಿದೆಯೆಂದು ಇದಕ್ಕೆ ಸುರಿದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಡೀಸೆಲ್ ಬಂಕಿನದ್ದೇ ಆಗಿರಲಿ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಗಂಧಕ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು) ಮೀರದ ಡೀಸೆಲ್ ಸಿಗುತ್ತಿದೆ, ಈ ಫಿಲ್ಟರ್ ಬದುಕುವುದೇ ಅದರ ಮೇಲೆ. ಹೆದ್ದಾರಿ ಬದಿಯಲ್ಲಿ ಅಗ್ಗಕ್ಕೆ ಸಿಗುವ, ಹೆಸರಿಲ್ಲದ ‘ಬಯೋಡೀಸೆಲ್’ ಬೇಡ.

ಹಳೆಯ ಟ್ರ್ಯಾಕ್ಟರಿಗೆ ಬರೋಣ. ಅದರದು ಮೆಕ್ಯಾನಿಕಲ್ ಪಂಪು. ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಶಾಖ ಏರಿಸುವ ಕಂಪ್ಯೂಟರಿಲ್ಲ, ಉಗುಳುವ ಮಸಿಯೋ ಹತ್ತಾರು ಪಟ್ಟು. ಫಿಲ್ಟರ್ ಕೂರಿಸಿದರೆ ಕೆಲವೇ ದಿನಗಳಲ್ಲಿ ತುಂಬಿ, ಹೊಗೆ ಹೊರಹೋಗಲಾರದೆ ಎಂಜಿನ್ನಿನ ಉಸಿರುಗಟ್ಟುತ್ತದೆ. ಅದರ ಬದಲು ಕಪ್ಪು ಹೊಗೆಯ ಮೂಲಕ್ಕೆ ಹೋಗಿ. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನಿಮ್ಮ ಭಾಗದ ಧೂಳಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಏರ್ ಕ್ಲೀನರ್. ಆಯಿಲ್ ಬಾತ್ ಬಟ್ಟಲಿದ್ದರೆ ಬಿಚ್ಚಿ ನೋಡಿ: ತಳದಲ್ಲಿ ಕೆಸರು ಕುಳಿತು, ಆಯಿಲ್ ಮಂದವಾಗಿ ಕಡ್ಡಿ ನೆಟ್ಟರೆ ನಿಲ್ಲುವಂತಿದ್ದರೆ ಎಂಜಿನ್ನಿಗೆ ಗಾಳಿ ಸಿಗುತ್ತಿಲ್ಲ. ತೊಳೆದು, ಗುರುತಿನ ಗೆರೆಯವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಆಮೇಲೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಟೆಸ್ಟ್ ಬೆಂಚಿನ ಮೇಲೆ ಪರೀಕ್ಷಿಸಿ. ಮೂರನೆಯದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಎರಡು ಟ್ರೇಲರ್ ಕಬ್ಬು ಎಳೆಯಲೆಂದು ಪಂಪಿನ ಸೀಲ್ ಒಡೆದು ಡೀಸೆಲ್ ಸ್ಕ್ರೂ ತಿರುಗಿಸಿರುತ್ತಾರೆ. ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ಕಾಣುವ ಕರಿ ಹೊಗೆಯ ದೊಡ್ಡ ಪಾಲಿಗೆ ನನ್ನ ಲೆಕ್ಕದಲ್ಲಿ ಆ ಸ್ಕ್ರೂವೇ ಕಾರಣ. ಹಾಗೆ ಸಿಗುವ ಬಲ ಅತ್ಯಲ್ಪ, ಉರಿಯದೆ ಹೊಗೆಯಾಗಿ ಹೋಗುವ ಡೀಸೆಲ್ಲಿಗೆ ದುಡ್ಡು ಕೊಟ್ಟವರು ನೀವು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅದು ರಿಂಗು-ಪಿಸ್ಟನ್ನಿನ ದೊಡ್ಡ ಕೆಲಸ.

ಇಷ್ಟೆಲ್ಲ ಮಾಡಿದರೂ ಹಳೆಯದರ ಹೊಗೆ ಹೊಸದರಂತೆ ಆಗುವುದಿಲ್ಲ. ಅಲ್ಲಿ ನಿಮ್ಮನ್ನು ಕಾಯುವುದು ದೂರ ಮತ್ತು ಗಾಳಿ. ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ಬೆಳಗಿನ ಚಳಿಗೆ ಸ್ಟಾರ್ಟ್ ಮಾಡಿ, ‘ಬಿಸಿಯಾಗಲಿ’ ಎಂದು ಬಿಟ್ಟು ಚಹಾ ಕುಡಿಯಲು ಹೋಗುವ ಅಭ್ಯಾಸವಿದೆಯಲ್ಲ, ಆ ಹತ್ತು ನಿಮಿಷದ ಬಿಳಿ ಹೊಗೆ ಅರೆಬೆಂದ ಡೀಸೆಲ್. ಕಣ್ಣು, ಗಂಟಲು ಉರಿಸುತ್ತದೆ, ಉಬ್ಬಸದ ಹುಡುಗ ಪಕ್ಕದ ಕೋಣೆಯಲ್ಲಿ ಮಲಗಿರುತ್ತಾನೆ. ಸ್ಟಾರ್ಟ್ ಆದ ತಕ್ಷಣ ಹೊರಗೆ ತನ್ನಿ, ನಿಧಾನಕ್ಕೆ ಓಡಿಸುತ್ತಲೇ ಬಿಸಿ ಮಾಡಿ. ರಾಶಿ ಮಾಡುವಾಗ ಯಂತ್ರವನ್ನು ಗಾಳಿ ನೋಡಿ ನಿಲ್ಲಿಸಿ, ಗಾಳಿ ಕೆಲಸಗಾರರ ಕಡೆಯಿಂದ ಹೊಗೆಕೊಳವೆಯ ಕಡೆಗೆ ಬೀಸುವಂತಿರಲಿ. ಮೂಗಿಗೆ ಕಟ್ಟುವ ಟವೆಲ್ ಹೊಟ್ಟನ್ನು ತಡೆಯುತ್ತದೆ, ಮಸಿಯನ್ನು ತಡೆಯುವುದಿಲ್ಲ. ಎನ್-95 ಮುಖಕ್ಕೆ ಸರಿಯಾಗಿ ಅಂಟಿ ಕೂತರೆ ಕಣಗಳನ್ನು ತಡೆಯುತ್ತದೆ, ಅನಿಲಗಳನ್ನಲ್ಲ. ಡಿಪಿಎಫ್ ಕೂಡ ಸಾರಜನಕದ ಆಕ್ಸೈಡುಗಳನ್ನು ಹಿಡಿಯುವುದಿಲ್ಲ, ಆದ್ದರಿಂದ ಹೊಸ ಟ್ರ್ಯಾಕ್ಟರನ್ನೂ ಮುಚ್ಚಿದ ಶೆಡ್ಡಿನಲ್ಲಿ ಓಡಿಸಬಾರದು. ಮನೆಯಲ್ಲಿ ತೊಗರಿಕಟ್ಟಿಗೆಯ ಒಲೆ ಉರಿಯುತ್ತಿದ್ದರೆ ನಿಮ್ಮ ಮಗನಿಗೂ ನಿಮಗೂ ಟ್ರ್ಯಾಕ್ಟರಿಗಿಂತ ದೊಡ್ಡ ಶತ್ರು ಅದೇ ಇರಬಹುದು. ಗ್ಯಾಸಿನ ಲೆಕ್ಕ ಮೊದಲು ಹಾಕಿ. ಮಾವನವರನ್ನು ಒಮ್ಮೆ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಗೆ ಕರೆದೊಯ್ಯಿರಿ. ಒಂದು ಕೊಳವೆಗೆ ಜೋರಾಗಿ ಊದಿದರೆ ಆಯಿತು. ಕೆಮ್ಮು ಎರಡು ವಾರ ದಾಟಿದ್ದರೆ ಹೊಗೆಯೆಂದು ಸುಮ್ಮನಾಗದೆ ಕ್ಷಯದ ಕಫ ಪರೀಕ್ಷೆಯನ್ನೂ ಮಾಡಿಸಿ.

ನೀವು ಕೇಳದಿದ್ದರೂ ಒಂದು ವಿಷಯ ಸೇರಿಸುತ್ತೇನೆ, ಜತ್ತ ಎಂದರೆ ದ್ರಾಕ್ಷಿಯೂ ಹೌದು. ದ್ರಾಕ್ಷಿ ಸಾಲಿನ ನಡುವೆ ಔಷಧಿ ಸಿಂಪಡಿಸುವ ಬ್ಲೋವರ್ ಎಳೆಯುವ ಪುಟ್ಟ ಟ್ರ್ಯಾಕ್ಟರುಗಳಲ್ಲಿ ಹಲವು 19 ಕಿಲೋವ್ಯಾಟ್, ಅಂದರೆ ಸುಮಾರು 25 ಅಶ್ವಶಕ್ತಿಗಿಂತ ಕೆಳಗಿನವು. 2024ರ ಏಪ್ರಿಲ್‌ಗೆ ನಿಗದಿಯಾಗಿ ಆಮೇಲೆ ಮುಂದಕ್ಕೆ ಹೋದ ಟ್ರೆಮ್-5 ನಿಯಮದಲ್ಲೂ ಅವುಗಳ ಕಣಮಿತಿ 0.4 ಗ್ರಾಂ ಇದೆ, ದೊಡ್ಡವುಗಳದು 0.015 ಗ್ರಾಂ. ಅಂದರೆ ಅವುಗಳಿಗೆ ಫಿಲ್ಟರ್ ಬೇಕಾಗುವುದೇ ಇಲ್ಲ. ಚಪ್ಪರದ ಎಲೆ ಸುಡಬಾರದೆಂದು ಅವುಗಳ ಹೊಗೆಕೊಳವೆಯನ್ನು ಕೆಳಕ್ಕೋ ಪಕ್ಕಕ್ಕೋ ತಿರುಗಿಸಿರುತ್ತಾರೆ, ಹೊಗೆ ಎಲೆಯ ಛಾವಣಿಯ ಕೆಳಗೆ ಸಿಕ್ಕಿಕೊಂಡು ಗೊಂಚಲು ಸವರುವ ಹೆಣ್ಣುಮಕ್ಕಳ ಮುಖದ ಮಟ್ಟದಲ್ಲೇ ನಿಲ್ಲುತ್ತದೆ. ಔಷಧಿ ಹೊಡೆಯುವ ಹೊತ್ತಿನಲ್ಲಿ ತೋಟದೊಳಗೆ ಬೇರೆ ಯಾರೂ ಇರಬಾರದು ಎಂಬುದು ಔಷಧಿಯ ಕಾರಣಕ್ಕೆ ಹೇಗೂ ಇರುವ ನಿಯಮ. ಬ್ಲೋವರ್ ಇಲ್ಲದೆ ಬರೀ ಟ್ರೇಲರ್ ಒಳಗೆ ಬಂದಾಗಲೂ ಜನ ಹೊಗೆಯಲ್ಲಿ ನಿಲ್ಲಬಾರದು: ಕ್ರೇಟ್ ತುಂಬುವಷ್ಟು ಹೊತ್ತು ಎಂಜಿನ್ ಬಂದ್.